ಮಂಡೂರಿನ ದಾರಿ

ಸೂಟ್‌ಕೇಸ್ ತೂಗಲೆಂದು ತಂದಿದ್ದ ಕೊಕ್ಕೆ ತಕ್ಕಡಿಯೊಂದು ನಮ್ಮ ಅಟ್ಟದ ಮೇಲೆ ವರ್ಷಗಳಿಂದ ಬಿದ್ದಿತ್ತು. ಕಳೆದ ಮಾಘದ ಒಂದು ಸೋಮವಾರ ಅದನ್ನು ಕೆಳಗಿಳಿಸಿ ಅಡುಗೆಮನೆಯ ಬಾಗಿಲ ಚಿಲಕಕ್ಕೆ ನೇತುಹಾಕಿದೆ. ಏಳು ದಿನ ನಮ್ಮ ಮನೆಯಿಂದ ಆಚೆ ಹೋಗುವುದನ್ನೆಲ್ಲ ತೂಗಿ ಬರೆದಿಡುವುದು, ಆಮೇಲೆ ಅದು ಎಲ್ಲಿಗೆ ಹೋಗುತ್ತದೋ ಅಲ್ಲಿಯವರೆಗೂ ಅದರ ಹಿಂದೆಯೇ ಹೋಗುವುದು, ಇಷ್ಟೇ ಮನಸ್ಸಿನಲ್ಲಿದ್ದದ್ದು. ಹಿಮಾಲಯಕ್ಕೂ ಕಾಶಿಗೂ ಹೋಗಿ ಬಂದು ಬರೆದಿದ್ದೇನೆ. ಈ ಸಲ ಹೋದ ಅತಿ ದೂರದ ಜಾಗ ಗಿರಿನಗರದ ನಮ್ಮ ಮನೆಯಿಂದ ಮೂವತ್ತು ಚಿಲ್ಲರೆ ಕಿಲೋಮೀಟರು. ಆದರೆ ಅಲ್ಲಿಗೆ ಹೋಗಲು ನನಗೆ ಹತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಮನೆಯಲ್ಲಿ ನಾವು ನಾಲ್ವರು. ಅಮ್ಮ, ನಾನು, ಹೆಂಡತಿ, ಆರನೇ ತರಗತಿಯ ಮಗಳು. ತೂಕ ಓದುವ ಕೆಲಸ ಮಗಳದು, ಬರೆಯುವ ಕೆಲಸ ನನ್ನದು. ವಾರದ ಕೊನೆಗೆ ಲೆಕ್ಕ ಹೀಗಿತ್ತು: ಹಸಿ ಕಸ 8 ಕಿಲೋ 400 ಗ್ರಾಂ, ಒಣ ಕಸ 2 ಕಿಲೋ 100 ಗ್ರಾಂ, ಬ್ಯಾಂಡೇಜು, ಪ್ಯಾಡು, ಗುಡಿಸಿದ ಧೂಳು, ಕೂದಲು ಎಲ್ಲ ಸೇರಿ 600 ಗ್ರಾಂ. ಒಟ್ಟು 11 ಕಿಲೋ 100 ಗ್ರಾಂ. ತಲೆಗೆ ದಿನಕ್ಕೆ ನಾನೂರು ಗ್ರಾಮಿನ ಆಜುಬಾಜು.

ನಾಲ್ಕರಲ್ಲಿ ಮೂರು ಪಾಲು ಹಸಿ ಕಸವೇ ಎಂಬುದು ನನಗೆ ಆಶ್ಚರ್ಯ ತರಲಿಲ್ಲ. ಬೆಂಗಳೂರಿನ ಕಸದಲ್ಲಿ ನೂರಕ್ಕೆ ಅರವತ್ತರಷ್ಟು ಹಸಿಯದೇ ಇರುತ್ತದೆ ಎಂದು ಓದಿದ್ದೆ. ಅಂಗಡಿ, ಕಚೇರಿ, ಬೀದಿ ಗುಡಿಸಿದ್ದು ಇವೆಲ್ಲ ಸೇರದ ಬರೀ ಮನೆಯ ಬುಟ್ಟಿಯಲ್ಲಿ ಪಾಲು ಇನ್ನಷ್ಟು ಏರುವುದು ಸಹಜ. ನನ್ನನ್ನು ತಡೆದು ನಿಲ್ಲಿಸಿದ್ದು ಅದರೊಳಗಿನ ಅನ್ನ. ಬಾಳೆಹಣ್ಣಿನ ಸಿಪ್ಪೆ, ಕಾಫಿ ಚರಟ, ಸೊಪ್ಪಿನ ದಂಟು, ಅವರೆಕಾಯಿ ಸಿಪ್ಪೆ ಇವೆಲ್ಲ ಇರಲೇಬೇಕಾದವು. ತಂಗಳು ಅನ್ನ, ಚಪಾತಿ, ಫ್ರಿಜ್ಜಿನಲ್ಲಿ ಮರೆತ ಪಲ್ಯವನ್ನು ಬೇರೆ ಮಾಡಿ ತೂಗಿದಾಗ ಒಂದು ಕಿಲೋ ಮುನ್ನೂರು ಗ್ರಾಂ ಬಂತು. ಅಮ್ಮ ಏನೂ ಅನ್ನಲಿಲ್ಲ. ಬುಟ್ಟಿಯ ಕಡೆ ನೋಡಿ ಒಳಗೆ ಹೋದರು. ಚಿಕ್ಕನಾಯಕನಹಳ್ಳಿ ಕಡೆಯ ನಮ್ಮ ಊರಲ್ಲಿ ಕೊಟ್ಟಿಗೆಯ ಹಿಂದೆ ತಿಪ್ಪೆಯಿತ್ತು. ಉಳಿದ ಅನ್ನ ಕಲಗಚ್ಚಿಗೆ, ಕಲಗಚ್ಚು ಎಮ್ಮೆಗೆ, ಎಮ್ಮೆಯ ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಯುಗಾದಿ ಕಳೆದ ಮೇಲೆ ಗಾಡಿಯಲ್ಲಿ ಹೊಲಕ್ಕೆ. ತಾಮ್ರ, ಕಬ್ಬಿಣ, ಒಡೆದ ಬಕೆಟ್ಟು ಸೈಕಲ್ಲಿನವನು ಬಂದಾಗ ಈರುಳ್ಳಿಗೋ ಖರ್ಜೂರಕ್ಕೋ ಹೋಗುತ್ತಿದ್ದವು. ಹಳೇ ಸೀರೆಗೆ ಸ್ಟೀಲ್ ಪಾತ್ರೆ. ಅಮ್ಮನ ಬಾಯಲ್ಲಿ ‘ಕಸ’ ಅಂದರೆ ಪೊರಕೆಯ ತುದಿಗೆ ಬರುವ ಧೂಳು ಮಾತ್ರ. ಉಳಿದದ್ದಕ್ಕೆಲ್ಲ ಬೇರೆ ಬೇರೆ ಹೆಸರಿತ್ತು: ಕಲಗಚ್ಚು, ಬೂದಿ, ರವದಿ, ಹಿಂಡಿ, ಹೊಟ್ಟು, ಕರಟ, ಚಿಂದಿ.

ಒಣ ಕಸದ ಚೀಲವನ್ನು ನಡುಮನೆಯಲ್ಲಿ ಹಳೇ ಬೆಡ್‌ಶೀಟ್ ಹಾಸಿ ಸುರಿದೆವು. ಆನ್‌ಲೈನ್ ತರಿಸಿದ ವಸ್ತುಗಳ ರಟ್ಟಿನ ಡಬ್ಬಗಳೇ 640 ಗ್ರಾಂ. ಬಿಲ್ಲು, ಟಿಶ್ಯೂ, ಸಿಹಿತಿಂಡಿ ಡಬ್ಬದಂಥ ಬಿಡಿ ಕಾಗದ 310. ಶಾಂಪೂ ಬಾಟ್ಲಿ, ಎಣ್ಣೆ ಕ್ಯಾನು, ಹೋಟೆಲ್ ಪಾರ್ಸೆಲ್ಲಿನ ಕಪ್ಪು ಡಬ್ಬಗಳು 330. ಜಾಮಿನ ಗಾಜಿನ ಬಾಟ್ಲಿ 290. ಹರಿದ ಬಟ್ಟೆ 200. ಹಾಲಿನ ಕವರ್ ಇಪ್ಪತ್ತೊಂದು, ತೂಕ 60 ಗ್ರಾಂ. ಚಿಪ್ಸು, ಬಿಸ್ಕತ್ತು, ನೂಡಲ್ಸು, ಮಸಾಲೆ, ಶಾಂಪೂ ಸ್ಯಾಶೆ ಇಂಥ ಮಿನುಗು ಪೊಟ್ಟಣಗಳು 170 ಗ್ರಾಂ. ಇನ್ನು ತರಾವರಿ ನೂರು ಗ್ರಾಂ.

ಮಗಳು ಪೊಟ್ಟಣಗಳನ್ನು ಎಣಿಸಲು ಕೂತಳು. ಅರವತ್ತೊಂದು. ತೂಕದಲ್ಲಿ ನೂರೆಪ್ಪತ್ತು ಗ್ರಾಂ ಇರುವುದು ಎಣಿಕೆಯಲ್ಲಿ ಉಳಿದೆಲ್ಲವನ್ನೂ ಮೀರಿಸಿತ್ತು. ಚೀಲದ ಮುಕ್ಕಾಲು ಜಾಗವನ್ನೂ ಅದೇ ತಿಂದಿತ್ತು. ಕಸವನ್ನು ತೂಗಿದರೆ ಒಂದು ಚಿತ್ರ ಸಿಗುತ್ತದೆ, ಎಣಿಸಿದರೆ ಇನ್ನೊಂದು. ಎಷ್ಟು ಮರುಬಳಕೆಯಾಗುತ್ತದೆ ಎಂದು ಯಾರಾದರೂ ಶೇಕಡಾವಾರು ಹೇಳಿದಾಗ ಯಾವ ಅಳತೆಯಲ್ಲಿ ಎಂದು ಕೇಳುವುದನ್ನು ನಾನು ಕಲಿತದ್ದು ಆ ಬೆಡ್‌ಶೀಟಿನ ಮುಂದೆ ಕೂತು. ಇನ್ನೊಂದು ವಿಷಯ. ದಿನಾ ಬರುವ ಪೇಪರು ನಮ್ಮ ಲೆಕ್ಕದಲ್ಲಿ ಸೇರಿಯೇ ಇಲ್ಲ. ಅದು ತಿಂಗಳಿಗೊಮ್ಮೆ ಗುಜರಿ ಅಂಗಡಿಗೆ ಹೋಗುತ್ತದೆ, ಕಸವಾಗುವುದೇ ಇಲ್ಲ. ಪಾಲಿಕೆಯ ಲೆಕ್ಕದಲ್ಲೂ ಅದು ಕಾಣಿಸುವುದಿಲ್ಲ.

ಒಣ ಕಸದ ದಿನ ಬೆಳಗ್ಗೆ ಆರೂಮುಕ್ಕಾಲಿಗೆ ಪೀಪಿ ಊದಿದ ಸದ್ದಾಯಿತು. ಆಟೋ ಟಿಪ್ಪರಿನವರು ಅನುಮತಿ ಕೊಟ್ಟಿದ್ದರಿಂದ ಚಾಲಕನ ಪಕ್ಕ ಕೂತೆ. ಹಿಂದೆ ನಿಂತಿದ್ದವರು ಕೋಲಾರದ ಕಡೆಯ ಹೆಂಗಸು. ತೆಲುಗು ಕಲೆತ ಕನ್ನಡ. ಎರಡು ಬುಟ್ಟಿ, ಒಂದು ಚೀಲ ಎಂಬ ಕ್ರಮವನ್ನು ನಗರದ ಪ್ರತಿ ಮನೆಯೂ ಪಾಲಿಸಬೇಕೆಂದು ಕರ್ನಾಟಕ ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ಹೇಳಿತ್ತು. ಹಸಿರು ಬುಟ್ಟಿಯಲ್ಲಿ ಹಸಿ ಕಸ, ಕೆಂಪು ಬುಟ್ಟಿಯಲ್ಲಿ ಪ್ಯಾಡು ಡೈಪರಿನಂಥವು, ಚೀಲದಲ್ಲಿ ಒಣ ಕಸ. ಮರುವರ್ಷ ಇಡೀ ದೇಶಕ್ಕೇ ಘನತ್ಯಾಜ್ಯ ನಿಯಮಗಳು ಬಂದವು. ನಮ್ಮ ಬೀದಿಯಲ್ಲಿ ಆ ದಿನ ನಾನು ಎಣಿಸಿದ ಮೂವತ್ತೆಂಟು ಮನೆಗಳಲ್ಲಿ ಹದಿನಾಲ್ಕು ಮನೆಯವರು ಕಪ್ಪು ಕವರಿಗೆ ಗಂಟು ಹಾಕಿ ಎಲ್ಲವನ್ನೂ ಒಟ್ಟಿಗೆ ಕೊಟ್ಟರು. ಆ ಹೆಂಗಸು ಪ್ರತಿ ಗಂಟನ್ನೂ ಬಿಚ್ಚಿದರು. ಒಂದು ಕವರಿನಲ್ಲಿ ಸಾಂಬಾರು, ಅದರಲ್ಲಿ ನೆನೆದ ಪುಸ್ತಕ, ಪುಸ್ತಕದ ನಡುವೆ ಒಡೆದ ಗಾಜು. ಕೈ ಒಳಗೆ ಹಾಕುವ ಮೊದಲು ಅವರು ಕವರನ್ನು ಎತ್ತಿ ಮೆಲ್ಲಗೆ ಅಲ್ಲಾಡಿಸಿ ಕೇಳಿಸಿಕೊಳ್ಳುತ್ತಿದ್ದರು.

“ಶಬ್ದ ಕೇಳ್ಬೇಕು ಸಾರ್. ಗಾಜು ಇದ್ರೆ ಗೊತ್ತಾಗ್ತದೆ. ಸೂಜಿ ಇದ್ರೆ ಗೊತ್ತಾಗಲ್ಲ,” ಅಂದರು.

ಗಾಜನ್ನು ಕಾಗದದಲ್ಲಿ ಸುತ್ತಿ ಮೇಲೆ ಬರೆದಿಡಲು ನಮಗೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷದ ಬೆಲೆಯನ್ನು ಅವರು ಬೆರಳಲ್ಲಿ ಕೊಡುತ್ತಾರೆ ಎಂಬುದು ನನಗೆ ಅಲ್ಲಿಯವರೆಗೂ ಮಾತಾಗಿ ಮಾತ್ರ ಗೊತ್ತಿತ್ತು. ಅವರ ಎಡಗೈಯ ಹೆಬ್ಬೆರಳಿನ ಬುಡದಲ್ಲಿ ನಾಲ್ಕು ಹೊಲಿಗೆಯ ಗುರುತಿತ್ತು.

ಒಣ ಕಸ ಸಂಗ್ರಹ ಕೇಂದ್ರ ಅಂದರೆ ನಮ್ಮ ಕಡೆ ಒಂದು ತಗಡಿನ ಶೆಡ್ಡು. ನಾನು ಅಲ್ಲಿ ಎರಡು ದಿನ ಕಳೆದೆ. ಕಸ ಆಯುವವರಿಗೆ 2011ರಲ್ಲಿ ಪಾಲಿಕೆಯ ಗುರುತಿನ ಚೀಟಿ ಸಿಕ್ಕ ಮೇಲೆ, ಅವರಲ್ಲಿ ಹಲವರು ಇಂಥ ಕೇಂದ್ರಗಳನ್ನು ತಾವೇ ನಡೆಸುವವರಾದರು. ಹಸಿರು ದಳದಂಥ ಸಂಘಟನೆಗಳು ಅವರ ಬೆನ್ನಿಗೆ ನಿಂತವು. ನಾನು ಹೋದ ಕೇಂದ್ರವನ್ನು ನಡೆಸುವ ಅಕ್ಕ ಲಿಂಗಸುಗೂರಿನ ಕಡೆಯವರು. ಹನ್ನೆರಡನೆಯ ವಯಸ್ಸಿಗೆ ಬೆಂಗಳೂರಿನ ಬೀದಿಯಲ್ಲಿ ಚೀಲ ಹೊತ್ತವರು. ಈಗ ಅವರ ಕೈಕೆಳಗೆ ಆರು ಜನ.

“ಇಷ್ಟು ಕಸದಲ್ಲಿ ಹೇಗೆ ಕೆಲಸ ಮಾಡ್ತೀರಿ ಅಕ್ಕಾ?” ಎಂದು ಕೇಳಿದೆ.

“ಕಸ ಅನಬ್ಯಾಡ್ರಿ ಸರ. ಇದು ಮಾಲು. ಕಸ ನಿಮ್ಮನ್ಯಾಗ ಇರ್ತೈತಿ. ಇಲ್ಲಿ ಬಂದಮ್ಯಾಲ ಮಾಲು,” ಅಂದರು. ಮುಖದಲ್ಲಿ ನಗು ಇರಲಿಲ್ಲ. ತಪ್ಪನ್ನು ತಿದ್ದಿ ಹೇಳುವವರ ಗಾಂಭೀರ್ಯವಿತ್ತು.

ಆ ಮಾತು ನನ್ನ ಇಡೀ ಪ್ರವಾಸದ ದಿಕ್ಕನ್ನು ಬದಲಿಸಿತು. ಶೆಡ್ಡಿನೊಳಗೆ ‘ಪ್ಲಾಸ್ಟಿಕ್’ ಎಂಬ ವಸ್ತುವೇ ಇಲ್ಲ. ಪೆಟ್ ಇದೆ, ಎಲ್‌ಡಿ ಇದೆ, ಎಚ್‌ಎಂ ಇದೆ, ಪಿಪಿ ಇದೆ, ಹಾಲಿನ ಕವರಿದೆ, ಕಡಕ್ ಇದೆ. ಪೆಟ್ಟಿನಲ್ಲೇ ಬಿಳಿಯದು ಬೇರೆ, ಹಸಿರು ಬೇರೆ. ಮುಟ್ಟಿದರೆ ಮೆತ್ತಗಿದ್ದು ಹಿಗ್ಗುವುದು ಎಲ್‌ಡಿ. ಮುದುರಿದರೆ ಚರಚರ ಎನ್ನುವುದು ಎಚ್‌ಎಂ. ಬಗ್ಗಿಸಿದರೆ ಟಕ್ಕೆಂದು ಮುರಿಯುವುದು ಕಡಕ್. ಕಾಗದದಲ್ಲೂ ಹಾಗೆಯೇ: ಪೇಪರು, ರಟ್ಟು, ಬಿಳಿ ಹಾಳೆ, ಬಣ್ಣದ ಪುಸ್ತಕ, ಹೀಗೆ. ಒಂದೊಂದಕ್ಕೂ ಒಂದೊಂದು ಚೀಲ, ಒಂದೊಂದು ದರ, ಒಬ್ಬೊಬ್ಬ ಕೊಳ್ಳುವವನು. ನಾನು ನೋಡುತ್ತಿದ್ದಂತೆ ಅಕ್ಕ ಮೂವತ್ತಕ್ಕೂ ಹೆಚ್ಚು ಹೆಸರು ಹೇಳಿದರು. ಬುಟ್ಟಿಗೆ ಹಾಕುವಾಗ ನಾವು ಕಿತ್ತುಕೊಂಡ ಹೆಸರುಗಳನ್ನೆಲ್ಲ ಆ ಆರು ಜನ ಹೆಂಗಸರು ಬೆರಳಿನಿಂದ ಮುಟ್ಟಿ ಮುಟ್ಟಿ ಮತ್ತೆ ಕೊಡುತ್ತಿದ್ದರು. ಗ್ಲೌಸು ಕೊಟ್ಟಿದ್ದಾರಂತೆ. ಹಾಕಿಕೊಂಡರೆ ಎಲ್‌ಡಿ ಯಾವುದು ಎಚ್‌ಎಂ ಯಾವುದು ಬೆರಳಿಗೆ ತಿಳಿಯುವುದಿಲ್ಲ ಎಂದು ತೆಗೆದಿಟ್ಟಿದ್ದರು. ಬೆರಳಿಗೆ ತಿಳಿಯುವಷ್ಟು ತೆಳ್ಳಗಿದ್ದು ಗಾಜಿಗೆ ಹರಿಯದ ಗ್ಲೌಸನ್ನು ಇವರಿಗಾಗಿ ಯಾರಾದರೂ ಮಾಡಬೇಕು.

ನಮ್ಮ ಮನೆಯ ಚೀಲವನ್ನೂ ಅವರ ಮುಂದಿಟ್ಟೆ. ನನಗೆ ಪರೀಕ್ಷೆಗೆ ಕೂತ ಹುಡುಗನ ಎದೆಬಡಿತ. ಹಾಲಿನ ಕವರನ್ನು ಮಗಳು ತೊಳೆದು ಒಣಗಿಸಿದ್ದಳು.

“ಇದು ಭಾಳ ಚೊಲೊ ಮಾಲು ಸರ. ಆದ್ರ ತುದಿ ಯಾಕ ಕತ್ತರಿಸೀರಿ?” ಅಂದರು.

ಹಾಲು ಬಗ್ಗಿಸುವಾಗ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡುತ್ತೇವಲ್ಲ, ಆ ತ್ರಿಕೋನದ ಚೂರು ಯಾರ ಕೈಗೂ ಸಿಗುವುದಿಲ್ಲ. ಸಿಂಕಿನಿಂದ ಮೋರಿಗೆ, ಮೋರಿಯಿಂದ ಕೆರೆಗೆ ಹೋಗುತ್ತದೆ. ಸೀಳು ಮಾತ್ರ ಕೊಟ್ಟು ಚೂರು ಕವರಿಗೇ ಅಂಟಿಕೊಂಡಿರುವಂತೆ ಬಿಟ್ಟರೆ ಅದೂ ಮಾಲಾಗುತ್ತದೆ. ವಾರಕ್ಕೆ ಇಪ್ಪತ್ತೊಂದು ಚೂರು. ನನಗೆ ಮದುವೆಯಾಗಿ ಹದಿನಾರು ವರ್ಷ. ಲೆಕ್ಕ ಹಾಕಲು ಹೋಗಿ ಅರ್ಧಕ್ಕೆ ಬಿಟ್ಟೆ.

ರಟ್ಟು ಪೂರ್ತಿ ಹೋಯಿತು. ಗಾಜು ಹೋಯಿತು. ಬಿಡಿ ಕಾಗದದಲ್ಲಿ ಅರ್ಧ ಮಾತ್ರ ಹೋಯಿತು. ಎಣ್ಣೆ ಹಿಡಿದ ಸಿಹಿತಿಂಡಿ ಡಬ್ಬ, ಟಿಶ್ಯೂ, ಬಿಲ್ಲಿನ ಚೀಟಿ ಒಳಗೆ ಸೇರಲಿಲ್ಲ. ಪಾರ್ಸೆಲ್ಲಿನ ಕಪ್ಪು ಡಬ್ಬದಲ್ಲಿ ಗ್ರೇವಿ ಅಂಟಿತ್ತು. ಅಕ್ಕ ಮೂಸಿ ನೋಡಿ ಬೇರೆ ಗುಡ್ಡೆಗೆ ಎಸೆದರು. ಪೊಟ್ಟಣಗಳು ಅರವತ್ತೊಂದೂ ಅದೇ ಗುಡ್ಡೆಗೆ. ಕೊನೆಗೆ ತೂಗಿದಾಗ ನಮ್ಮ 2 ಕಿಲೋ 100 ಗ್ರಾಮಿನಲ್ಲಿ ಮಾಲಾಗಿ ಉಳಿದದ್ದು 1 ಕಿಲೋ 390. ನಮ್ಮದು ಬೇರ್ಪಡಿಸಿ, ಬಹುಪಾಲು ತೊಳೆದು, ಒಣಗಿಸಿ ಕೊಟ್ಟ ಕಸ. ಆ ಹದಿನಾಲ್ಕು ಮನೆಗಳ ಕಪ್ಪು ಕವರಿನದನ್ನೂ ತೂಗಿಸಿದೆ. ರಟ್ಟು ಸಾಂಬಾರಿನಲ್ಲಿ ನೆನೆದಿತ್ತು, ಕವರುಗಳ ಒಳಗೆ ಅನ್ನ ಮೆತ್ತಿತ್ತು. ಅದರಲ್ಲಿ ಕಾಲು ಪಾಲೂ ಒಳಗೆ ಬರಲಿಲ್ಲ.

ಆ ಬೇರೆ ಗುಡ್ಡೆಗೂ ಅವರಲ್ಲಿ ಹೆಸರಿದೆ: ಎಂಎಲ್‌ಪಿ. ಚಿಪ್ಸಿನ ಪೊಟ್ಟಣದಲ್ಲಿ ಒಂದರ ಮೇಲೊಂದು ಪದರ. ಹೊರಗೆ ಅಚ್ಚು ಹಿಡಿಯುವ ಪ್ಲಾಸ್ಟಿಕ್, ನಡುವೆ ಉಸಿರಿಗಿಂತ ತೆಳ್ಳಗಿನ ಅಲ್ಯೂಮಿನಿಯಮ್ ಲೇಪ, ಒಳಗೆ ಬಿಸಿಗೆ ಅಂಟಿಕೊಳ್ಳುವ ಇನ್ನೊಂದು ಪ್ಲಾಸ್ಟಿಕ್. ಗಾಳಿ, ಬೆಳಕು, ತೇವ ಯಾವುದೂ ಒಳಗೆ ಹೋಗದಂತೆ ಬಹಳ ಜಾಣ್ಮೆಯಿಂದ ಕೂಡಿಸಿದ್ದು. ಕೂಡಿಸಿದ್ದನ್ನು ಮತ್ತೆ ಬಿಡಿಸುವ ಬಗೆ ಶೆಡ್ಡಿನಲ್ಲೂ ಇಲ್ಲ, ಶೆಡ್ಡಿನಿಂದ ಆಚೆ ಕೊಳ್ಳುವವರಲ್ಲೂ ಇಲ್ಲ. ಆದ್ದರಿಂದ ಅದನ್ನು ಬೇಲು ಕಟ್ಟಿ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳಿಸುತ್ತಾರೆ. ಕಲ್ಲಿದ್ದಲಿನ ಬದಲು ಉರಿಯುತ್ತದೆ. ಗುಂಡಿಗೆ ಹೋಗುವುದಕ್ಕಿಂತ ಅದು ವಾಸಿ ಎಂಬುದನ್ನು ಒಪ್ಪುತ್ತೇನೆ. ಆದರೆ ಅದನ್ನು ಮರುಬಳಕೆ ಎಂದು ಕರೆಯಲಾರೆ. ಸುಟ್ಟದ್ದು ಸುಟ್ಟಂತೆಯೇ. ಅದು ಇನ್ನೊಂದು ಚಿಪ್ಸಿನ ಪೊಟ್ಟಣವಾಗಿ ವಾಪಸು ಬರುವುದಿಲ್ಲ, ಹೊಸ ಪೊಟ್ಟಣ ಹೊಸ ಎಣ್ಣೆಯಿಂದಲೇ ಹುಟ್ಟಬೇಕು.

2015ರವರೆಗೆ ಜಗತ್ತು ತಯಾರಿಸಿದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್ ಎಂದು ವಿಜ್ಞಾನಿಗಳು 2017ರಲ್ಲಿ ಲೆಕ್ಕ ಹಾಕಿದ್ದರು. ಅದರಲ್ಲಿ ಆಗಲೇ ಕಸವಾದದ್ದು 630 ಕೋಟಿ ಟನ್. ಮರುಬಳಕೆಯಾದದ್ದು ನೂರಕ್ಕೆ ಒಂಬತ್ತು, ಸುಟ್ಟದ್ದು ಹನ್ನೆರಡು, ಉಳಿದದ್ದೆಲ್ಲ ನೆಲದಲ್ಲೋ ನೀರಿನಲ್ಲೋ ಇದೆ. ಈ ಒಂಬತ್ತನ್ನು ಓದಿ ಹಿಂದೊಮ್ಮೆ ನಾನು ನಿಟ್ಟುಸಿರು ಬಿಟ್ಟಿದ್ದೆ. ಆ ಶೆಡ್ಡಿನಲ್ಲಿ ಕೂತಾಗ ಅದೇ ಒಂಬತ್ತು ಬೇರೆಯಾಗಿ ಕಂಡಿತು. ಇಷ್ಟಾದರೂ ಆದದ್ದು ಇಂಥ ಬೆರಳುಗಳಿಂದ.

ಅಲ್ಲಿಂದ ಹೊರಟ ಮಾಲಿನ ಹಿಂದೆ ನಾಯಂಡಹಳ್ಳಿಗೆ ಹೋದೆ. ಕಾಗದ, ಲೋಹ ಎಲ್ಲ ಜಾಲಿ ಮೊಹಲ್ಲಾದ ಗೋಡೌನುಗಳ ಕಡೆ ಹೋಗುತ್ತವೆ. ಪ್ಲಾಸ್ಟಿಕ್ಕು ನಾಯಂಡಹಳ್ಳಿಗೆ. ಮೈಸೂರು ರಸ್ತೆಯಲ್ಲಿ ನೂರು ಸಲ ಆ ಜಾಗ ದಾಟಿದ್ದೇನೆ, ಮೆಟ್ರೋ ಕಂಬಗಳ ಆಚೆ ಏನಿದೆಯೆಂದು ಇಳಿದು ನೋಡಿರಲಿಲ್ಲ. ಸಂದಿಗಳ ತುಂಬ ಶೆಡ್ಡು. ಛಾವಣಿಯ ಮೇಲೆ, ಗೋಡೆಯ ಮೇಲೆ, ಸೈಕಲ್ಲಿನ ಮೇಲೆ ತೊಳೆದ ಕವರುಗಳು ಒಣಗುತ್ತಿದ್ದವು.

ಗ್ರೈಂಡರಿನವನೊಬ್ಬ ನನಗೆ ನೀರಿನ ತೊಟ್ಟಿ ತೋರಿಸಿದ. ಪುಡಿ ಮಾಡಿದ ಪ್ಲಾಸ್ಟಿಕ್ಕನ್ನು ಅದಕ್ಕೆ ಸುರಿದರೆ ಹಾಲಿನ ಕವರಿನ ಜಾತಿಯದು, ಬಕೆಟ್ಟಿನ ಜಾತಿಯದು ತೇಲುತ್ತದೆ; ನೀರಿನ ಬಾಟ್ಲಿಯದು, ಪೈಪಿನದು ಮುಳುಗುತ್ತದೆ. ಮುಳುಗಿದ್ದರಲ್ಲಿ ಪೈಪಿನ ಪಿವಿಸಿ ಚೂರು ನಾಲ್ಕು ಉಳಿದರೂ ಬಾಟ್ಲಿಯ ಪೆಟ್ ಕೆಡುತ್ತದೆ. ಪೆಟ್ ಕರಗಲು ಇನ್ನೂರೈವತ್ತು ಡಿಗ್ರಿಗೂ ಮೇಲೆ ಶಾಖ ಬೇಕು, ಅಷ್ಟರಲ್ಲಿ ಪಿವಿಸಿ ಸುಟ್ಟು ಆಮ್ಲ ಕಾರಿ ಎಲ್ಲವನ್ನೂ ಹಳದಿ ಮಾಡಿಬಿಡುತ್ತದೆ. ಅನುಮಾನ ಬಂದ ಚೂರಿಗೆ ಆತ ಲೈಟರ್ ಹಿಡಿದು ಮೂಸುತ್ತಿದ್ದ. ಮೇಣದಬತ್ತಿಯ ವಾಸನೆ ಬಂದರೆ ಹಾಲಿನ ಕವರಿನ ಜಾತಿ, ಮೂಗಿಗೆ ಹೊಡೆದರೆ ಪಿವಿಸಿ. ಬೇಡ, ಮೂಸಬೇಡಪ್ಪಾ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಹದಿನೆಂಟು ವರ್ಷದಿಂದ ಹೀಗೇ ನೋಡ್ತಿದೀನಿ ಅಂದ. ಅವನಿಗೆ ಕೆಮ್ಮಿತ್ತು.

ತೊಳೆದ ಚೂರು ಯಂತ್ರದ ಒಳಗೆ ಕರಗಿ ಇನ್ನೊಂದು ತುದಿಯಲ್ಲಿ ಒತ್ತುಶಾವಿಗೆಯ ಎಳೆಗಳಂತೆ ಹೊರಬಂದು ನೀರಿಗೆ ಇಳಿಯುತ್ತದೆ. ಗಟ್ಟಿಯಾದ ಎಳೆಯನ್ನು ಕತ್ತರಿಸಿದರೆ ದಾನಾ. ರಾಗಿಗಿಂತ ದಪ್ಪ, ಮೆಣಸಿಗಿಂತ ಸಣ್ಣ. ಬಿಳಿ ಹಾಲಿನ ಕವರೊಂದನ್ನೇ ಹಾಕಿದ ಯಂತ್ರದಲ್ಲಿ ದಾನಾ ಬೆಳ್ಳಗೆ, ದಂತದ ಹಾಗೆ. ಪಕ್ಕದ ಯಂತ್ರಕ್ಕೆ ಎಲ್ಲ ಬಣ್ಣದ್ದೂ ಸುರಿಯುತ್ತಿದ್ದರು. ಕೆಂಪು, ಹಸಿರು, ನೀಲಿ, ಹಳದಿ ಕಲೆತು ಒಂದು ಮಾಸಲು ಬಣ್ಣವಾಗುತ್ತದೆ, ಅದು ಯಾರಿಗೂ ಬೇಡ, ಆದ್ದರಿಂದ ಕಪ್ಪು ಪುಡಿ ಬೆರೆಸಿ ಕಪ್ಪು ದಾನಾ ಮಾಡುತ್ತಾರೆ. ಅದರಿಂದ ಪೈಪು, ಗಿಡದ ಕುಂಡ, ಮತ್ತೆ ಕಸದ ಕವರು. ಬಿಳಿಯದು ಯಾವ ಬಣ್ಣಕ್ಕಾದರೂ ತಿರುಗಬಹುದು. ಕಪ್ಪಿಗೆ ಮುಂದೆ ದಾರಿಯಿಲ್ಲ. ನನ್ನ ಅಂಗೈಯಲ್ಲಿ ಅವನು ಎರಡೂ ಬಗೆಯ ದಾನಾ ಹಾಕಿದ. ಎರಡೂ ಬಿಸಿಯಾಗಿದ್ದವು.

ತೊಟ್ಟಿಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ನನಗೆ ಧೈರ್ಯ ಸಾಲದೆ, ನೀರಿನ ಜೊತೆ ನಾನೇ ಸ್ವಲ್ಪ ದೂರ ನಡೆದೆ. ಬೂದುಬಣ್ಣದ ಆ ನೀರು ಮೋರಿ ಸೇರಿತು. ಅಲ್ಲಿಂದ ಕೂಗಳತೆಯಲ್ಲೇ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದಳೆಂದು ನಂಬಿಕೆಯುಳ್ಳ ನದಿ. ಹಾಲಿನ ಕವರಿಗೆ ಎರಡನೆಯ ಜನ್ಮ ಕೊಡಲು ಇಷ್ಟು ನೀರು ಕೊಳೆಯಾಗಬೇಕೆಂದಿಲ್ಲ. ಮನೆಯಲ್ಲೇ ಒಂದು ಲೋಟ ನೀರಿನಲ್ಲಿ ಜಾಲಿಸಿ ಒಣಹಾಕಿದ ಕವರಿಗೆ ಇಲ್ಲಿ ತೊಟ್ಟಿಯ ಕೆಲಸ ಬಹಳ ಕಡಿಮೆ. ಆ ಗ್ರೈಂಡರಿನವನೇ ಹೇಳಿದ ಮಾತು ಅದು.

ಹಸಿ ಕಸದ ಹಾದಿ ಹುಡುಕಿ ಕೂಡ್ಲಿಗೆ ಹೋದದ್ದು ಅರ್ಧ ದಿನ ಮಾತ್ರ. ಎಚ್‌ಎಸ್‌ಆರ್ ಬಡಾವಣೆಯ ಮಗ್ಗುಲಿಗಿರುವ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ 1975ರಲ್ಲಿ ಶುರುವಾದದ್ದು. ಆಗ ಸುತ್ತ ಹೊಲಗಳಿದ್ದವು, ಈಗ ಅಪಾರ್ಟ್‌ಮೆಂಟುಗಳು ಒತ್ತಿಕೊಂಡು ನಿಂತಿವೆ. ಗೊಬ್ಬರದ ಸಾಲುಗಳು ಉಳುಮೆಯ ಏರಿಗಳಂತೆ ಮಲಗಿದ್ದವು. ಸರಿಯಾಗಿ ಗಾಳಿಯಾಡಿದರೆ ಸಾಲಿನ ಹೊಟ್ಟೆಯಲ್ಲಿ ಅರವತ್ತು ಡಿಗ್ರಿಯವರೆಗೆ ಕಾವೇರುತ್ತದೆ. ಕಳೆಯ ಬೀಜ, ರೋಗದ ಕ್ರಿಮಿ ಆ ಕಾವಿಗೆ ಉಳಿಯುವುದಿಲ್ಲ. ಮಗುಚಿ ಹಾಕುತ್ತ ವಾರಗಳು ಕಳೆದಂತೆ ನೀರು ಆವಿಯಾಗಿ ರಾಶಿ ಮೂರನೇ ಒಂದಕ್ಕೋ ನಾಲ್ಕನೇ ಒಂದಕ್ಕೋ ಇಳಿಯುತ್ತದೆ. ನಮ್ಮ ಮನೆಯ ಎಂಟು ಕಿಲೋ ನಾನೂರು ಗ್ರಾಂ ಎರಡೂವರೆ ಕಿಲೋ ಕಪ್ಪು ಮಣ್ಣಾಗುತ್ತದೆ, ಹೂಕುಂಡವೊಂದಕ್ಕೆ ಆಗುವಷ್ಟು. ಜರಡಿ ಹಿಡಿದಲ್ಲಿ ಮಾತ್ರ ಗೊಬ್ಬರದ ಜೊತೆ ಪೆನ್ನಿನ ಮುಚ್ಚಳ, ಪೊಟ್ಟಣದ ತುಣುಕು, ಹಲ್ಲುಜ್ಜುವ ಬ್ರಷ್ಷಿನ ಎಳೆ ಉದುರುತ್ತಿದ್ದವು. ಬೆರಕೆಯ ಗೊಬ್ಬರವನ್ನು ರೈತ ಎರಡನೇ ಸಲ ಒಯ್ಯುವುದಿಲ್ಲ ಎಂದು ಅಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ಹೇಳಿದರು. ಕೂಡ್ಲಿನಿಂದ ಬಂದ ಮೇಲೆ ನಮ್ಮ ಮಹಡಿಯ ಮೇಲೆ ಎರಡು ಮಡಕೆ ಇಟ್ಟೆವು. ಅಮ್ಮ ಅದನ್ನು ತಿಪ್ಪೆ ಎಂದೇ ಕರೆಯುತ್ತಾರೆ, ದಿನಾ ಸಂಜೆ ಕೋಲಾಡಿಸಿ ನೋಡುತ್ತಾರೆ.

ಇನ್ನು ನಗರದ ಕಸ ಸುರಿಯುತ್ತಿದ್ದ ಮಂಡೂರು ಉಳಿದಿತ್ತು. ಈ ವಾರದ ಕಸ ಅಲ್ಲಿಗೆ ಹೋಗುವುದಿಲ್ಲ. 2014ರ ಡಿಸೆಂಬರಿನಿಂದ ಅಲ್ಲಿಗೆ ನಗರದ ಲಾರಿಗಳು ಹೋಗುವುದು ನಿಂತಿದೆ. ಆದರೂ ಅಲ್ಲಿಗೆ ಹೋಗದೆ ನನ್ನ ಲೆಕ್ಕ ಮುಗಿಯುತ್ತಿರಲಿಲ್ಲ.

ಕೆ.ಆರ್. ಪುರದಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಬೂದಿಗೆರೆ ಕ್ರಾಸಿನಲ್ಲಿ ಎಡಕ್ಕೆ ತಿರುಗಿದೆ. ಹೊಸ ಅಪಾರ್ಟ್‌ಮೆಂಟುಗಳ ಜಾಹೀರಾತು ಫಲಕಗಳು ಮುಗಿದ ಮೇಲೆ ದ್ರಾಕ್ಷಿ ಚಪ್ಪರ, ನೀಲಗಿರಿ ತೋಪು. ನಗರದ ಕಸ ಬೀಳುತ್ತಿದ್ದ ಮಾವಳ್ಳಿಪುರದ ಗುಂಡಿ 2012ರಲ್ಲಿ ಮುಚ್ಚಿತು. ಆ ಊರಿನವರು ತಮ್ಮ ಬಾವಿಯ ನೀರು ಕೆಟ್ಟು ಸೋತುಹೋಗಿದ್ದರು. ಭಾರವೆಲ್ಲ ಮಂಡೂರಿನ ಮೇಲೆ ಬಿತ್ತು. ಆ ವರ್ಷವೇ ಊರವರು ಲಾರಿಗಳನ್ನು ತಡೆದರು. ಬೆಂಗಳೂರಿನ ಬೀದಿಬೀದಿಯಲ್ಲಿ ಕಸ ರಾಶಿ ಬಿದ್ದು ನಾತ ಹೊಡೆಯಿತು. ನಮ್ಮ ಮನೆಯ ಮೂಲೆಯಲ್ಲೂ ಬಿದ್ದಿತ್ತು, ಮೂಗು ಮುಚ್ಚಿಕೊಂಡು ದಾಟಿದ್ದೆ. ಕಸ ಯಾಕೆ ಒಯ್ಯುತ್ತಿಲ್ಲ ಎಂದು ಕೋಪಿಸಿಕೊಂಡಿದ್ದೆ. ಮಂಡೂರು ಎಲ್ಲಿದೆಯೆಂದು ನಕ್ಷೆಯಲ್ಲೂ ನೋಡಿರಲಿಲ್ಲ. 2014ರ ಜೂನಿನಲ್ಲಿ ಊರವರು ಮತ್ತೆ ರಸ್ತೆಗೆ ಇಳಿದರು. ಆಗ ಸಿದ್ದರಾಮಯ್ಯನವರ ಸರ್ಕಾರ ಕಾಲಾವಕಾಶ ಕೇಳಿ, ಡಿಸೆಂಬರಿನ ಹೊತ್ತಿಗೆ ಕಸ ಸುರಿಯುವುದನ್ನು ನಿಲ್ಲಿಸುವ ಮಾತು ಕೊಟ್ಟಿತು. ಲಾರಿಗಳು ನಿಂತವು, ಬೇರೆ ಕಡೆ ಹೊರಳಿದವು. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳು ಆಮೇಲಿನ ಹೆಸರುಗಳು.

ದೂರದಿಂದ ಅದು ಗುಡ್ಡವೇ. ಹುಲ್ಲು ಬೆಳೆದಿದೆ, ಹರಳು ಗಿಡ, ಲಂಟಾನ. ಮೇಲೆ ಹದ್ದುಗಳು ಸುತ್ತುತ್ತಿದ್ದವು. ಹತ್ತಿರ ಹೋದಾಗ ಮಳೆ ಕೊರೆದ ಕೊರಕಲಿನಲ್ಲಿ ಗುಡ್ಡದ ಒಳಗು ಕಂಡಿತು. ಕಲ್ಲಿನ ಪದರಗಳಂತೆ ಕವರಿನ ಪದರಗಳು. ಗಂಟು ಹಾಕಿದ ಕಪ್ಪು ಕವರಿನೊಳಗೆ ಹಸಿ ಕಸಕ್ಕೆ ಗಾಳಿ ಸಿಗುವುದಿಲ್ಲ. ಗಾಳಿಯಿಲ್ಲದೆ ಕೊಳೆತದ್ದು ಗೊಬ್ಬರವಾಗುವ ಬದಲು ಮೀಥೇನ್ ಬಿಡುತ್ತದೆ, ಹುಳಿಯಾದ ಕಪ್ಪು ರಸ ಬಿಡುತ್ತದೆ. ಆ ಹುಳಿ ಬ್ಯಾಟರಿ, ಬಲ್ಬುಗಳ ಲೋಹವನ್ನು ಕರಗಿಸಿಕೊಂಡು ನೆಲಕ್ಕೆ ಇಳಿಯುತ್ತದೆ. ಬೇರೆಬೇರೆಯಾಗಿದ್ದರೆ ಒಂದು ಗೊಬ್ಬರವಾಗುತ್ತಿತ್ತು, ಇನ್ನೊಂದು ದಾನಾ ಆಗುತ್ತಿತ್ತು. ಬೆರೆತದ್ದರಿಂದಲೇ ಅವು ಇಲ್ಲಿಗೆ ಬಂದವು, ಬೆರೆತದ್ದರಿಂದಲೇ ವಿಷವಾದವು.

ಕೊರಕಲಿನ ಅಂಚಿನಲ್ಲಿ ಒಂದು ಹಾಲಿನ ಕವರು ಚಾಚಿಕೊಂಡಿತ್ತು. ಎಳೆದರೆ ಬಂತು. ಅಕ್ಷರ ಇನ್ನೂ ಓದುವಂತಿತ್ತು. ಒಳಗೆ ಮಣ್ಣು ತುಂಬಿತ್ತು, ಮೂಲೆಯ ತುದಿ ಪೂರ್ತಿ ಕತ್ತರಿಸಿತ್ತು.

ಮೇಕೆ ಮೇಯಿಸುತ್ತಿದ್ದ ಹಿರಿಯರೊಬ್ಬರು ನನ್ನನ್ನು ನೋಡಿ ಹತ್ತಿರ ಬಂದರು. ಎಪ್ಪತ್ತು ದಾಟಿದವರು. ತಲೆಗೆ ಟವಲು.

“ಯಾವ ಪೇಪರ್‌ನೋರು ಸ್ವಾಮಿ?”

ಪೇಪರಿನವನಲ್ಲ, ಸುಮ್ಮನೆ ನೋಡಲು ಬಂದೆ ತಾತ ಎಂದೆ. ಅವರು ಬೇವಿನ ನೆರಳಿಗೆ ಕರೆದೊಯ್ದು ಕೂರಿಸಿದರು. ಲಾರಿಗಳು ಓಡುತ್ತಿದ್ದ ಕಾಲದಲ್ಲಿ ಅನ್ನದ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿಕೊಂಡು ಉಣ್ಣುತ್ತಿದ್ದರಂತೆ, ನೊಣಕ್ಕೆ. ಬೀದಿನಾಯಿಗಳು ಹಿಂಡುಗಟ್ಟಿ ಅವರ ಎರಡು ಮೇಕೆಮರಿ ಎಳೆದುಕೊಂಡು ಹೋದವಂತೆ. ಬೋರಿನ ನೀರು ಇವತ್ತಿಗೂ ಕುಡಿಯುವುದಿಲ್ಲ. ಇದನ್ನೆಲ್ಲ ಅವರು ಏರುದನಿಯಿಲ್ಲದೆ, ಮಳೆ ಬೆಳೆಯ ವಿಷಯ ಹೇಳುವ ಹಾಗೆ ಹೇಳಿದರು. ದನಿ ಕಟ್ಟಿದ್ದು ಒಂದೇ ಕಡೆ.

“ನನ್ ಮಗನಿಗೆ ಹೆಣ್ ಕೇಳೋಕೆ ಹೋದ್ರೆ, ಮಂಡೂರಾ, ಕಸದ ಊರಲ್ವಾ ಅನ್ನೋರು. ನಮ್ಮೂರಿಗೆ ಹೆಸ್ರಿತ್ತು ಸ್ವಾಮಿ. ಗುಡಿ ಐತೆ, ಕೆರೆ ಐತೆ. ಅದನ್ನ ಯಾರೂ ಹೇಳ್ತಿರ್ಲಿಲ್ಲ.”

ನಾನು ಸುಮ್ಮನೆ ಕೂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು.

“ಬೆಂಗಳೂರಲ್ಲಿ ಯಾವ ಕಡೆ ನಿಮ್ದು?”

“ಗಿರಿನಗರ.”

“ಎಷ್ಟ್ ವರ್ಷದಿಂದ?”

“2010ರಿಂದ ಅಲ್ಲೇ ಇದ್ದೀವಿ ತಾತ.”

ಅವರು ಟವಲು ತೆಗೆದು ಮುಖ ಒರೆಸಿಕೊಂಡು, ಹರಳು ಗಿಡಗಳು ದಟ್ಟವಾಗಿದ್ದ ಕಡೆ ಕೈ ತೋರಿಸಿದರು. “ಹನ್ನೆರಡು ಹದ್ಮೂರ್‌ನೇ ಇಸ್ವೀದು ಆ ಮಗ್ಗುಲು. ನಿಮ್ ಮನೇದೂ ಅಲ್ಲೇ ಇರ್ಬೇಕು.” ದೂರು ಇರಲಿಲ್ಲ ಆ ಮಾತಿನಲ್ಲಿ. ಊರಿಗೆ ಬಂದವರಿಗೆ ಅವರ ಹಳೇ ಜಮೀನು ತೋರಿಸುವ ಹಾಗಿತ್ತು.

2013ರ ಫೆಬ್ರವರಿಯಲ್ಲಿ ಮಗಳ ನಾಮಕರಣ ಮನೆಯ ಮುಂದೆ ಶಾಮಿಯಾನ ಹಾಕಿಸಿ ಮಾಡಿದ್ದೆವು. ಇನ್ನೂರು ಜನ. ಬಾಳೆಲೆ, ಉಳಿದ ಬಿಸಿಬೇಳೆಬಾತು, ಸಣ್ಣ ನೀರಿನ ಬಾಟ್ಲಿಗಳು, ಐಸ್‌ಕ್ರೀಮ್ ಕಪ್ಪುಗಳು, ಮಂಟಪಕ್ಕೆ ತಂದ ಥರ್ಮೋಕೋಲ್ ಹಂಸ. ಅಡುಗೆಯವರ ಹುಡುಗರು ಎಲ್ಲವನ್ನೂ ಕಪ್ಪು ಕವರುಗಳಿಗೆ ತುಂಬಿ ಗಂಟು ಹಾಕಿ ಮೂಲೆಯಲ್ಲಿ ಇಟ್ಟರು. ನಾನೇ ಹಾಗೆ ಮಾಡಲು ಹೇಳಿದ್ದೆ. ಮರುದಿನ ಬೆಳಗ್ಗೆ ಮೂಲೆ ಖಾಲಿಯಾಗಿತ್ತು.

ತಾತನಿಗೆ ಅದನ್ನು ಹೇಳಿದೆ. ಅವರು ಮೇಕೆಗಳ ಕಡೆ ನೋಡುತ್ತ ಕೇಳಿಸಿಕೊಂಡರು. ಆಮೇಲೆ ಎದ್ದು ಮೊಣಕಾಲು ಒತ್ತಿಕೊಂಡು ನಿಂತರು.

“ಮಗೂಗೆ ಏನ್ ಹೆಸ್ರಿಟ್ರಿ?” ಎಂದು ಕೇಳಿದರು.